ಕಾಲು ಊತಕ್ಕೆ ಪುಡಿ ತಗೊಳ್ಳುವ ಮುಂಚೆ ಇದನ್ನು ಓದಿ

ಜಾತ್ರೆಯಲ್ಲೋ ಸಂತೆಯಲ್ಲೋ ‘ಮೈನೀರು ಇಳಿಸುವ ಪುಡಿ’ ಅಂತ ಸಿಗುತ್ತದಲ್ಲ, ಅದನ್ನು ಮನೆಯವರಿಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬಿಪಿ ಮಾತ್ರೆ ನುಂಗುವ ಹಿರಿಯರಿದ್ದರಂತೂ ಓದಲೇಬೇಕು.

ನಮ್ಮ ಮನೆ, ತೋಟ ಇರುವುದು ತೀರ್ಥಹಳ್ಳಿ ಹತ್ತಿರ. ನಾನಿರುವುದು ಶಿವಮೊಗ್ಗದಲ್ಲಿ. ಅಮ್ಮನಿಗೆ 64 ವರ್ಷ. ದೀಪಾವಳಿ ಹೊತ್ತಿಗೆ ಬಿಪಿ ಏರಿತ್ತು ಅಂತ ಡಾಕ್ಟರು ಮಾತ್ರೆ ಬದಲಾಯಿಸಿದ್ದರು. ಅದಾಗಿ ಮೂರು ವಾರಕ್ಕೆ ಪಾದ ಬಾತುಕೊಳ್ಳಲು ಶುರುವಾಯಿತು. ಬೆಳಿಗ್ಗೆ ಕಮ್ಮಿ, ಸಂಜೆ ಜಾಸ್ತಿ. ಅಡಿಕೆ ಸುಲಿಯುವ ಕಾಲ ಬೇರೆ. ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂತಿದ್ದಕ್ಕೆ ಹೀಗಾಯಿತು ಅಂದುಕೊಂಡೆವು. ಮಾತ್ರೆ ಕಡೆ ಯಾರ ಗಮನವೂ ಹೋಗಲಿಲ್ಲ.

ಒಂದು ಶನಿವಾರ ಊರಿಗೆ ಹೋದಾಗ ನೋಡುತ್ತೇನೆ, ಕಾಲುಂಗುರ ಬೆರಳಲ್ಲಿ ಹೂತುಹೋಗಿದೆ. ಕೊಬ್ಬರಿ ಎಣ್ಣೆ ಹಚ್ಚಿ, ಮೆಲ್ಲಗೆ ತಿರುಗಿಸಿ ತಿರುಗಿಸಿ ತೆಗೆದೆ. ಕಣಕಾಲಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಗುಂಡಿ ಬೀಳುತ್ತಿತ್ತು. ಬೆರಳು ತೆಗೆದ ಮೇಲೂ ಆ ಗುಂಡಿ ಹಾಗೇ ಇರುತ್ತಿತ್ತು.

ನಾನು ಯಾವುದೋ ವಿಡಿಯೋ ನೋಡಿದ್ದೆ. ‘ಉಪ್ಪು ಪೂರ್ತಿ ಬಿಡಮ್ಮ, ಬಾರ್ಲಿ ನೀರು, ಕೊತ್ತಂಬರಿ ಬೀಜದ ಕಷಾಯ ಚೆನ್ನಾಗಿ ಕುಡಿ’ ಅಂದೆ. ಅಮ್ಮ ಯಾವುದನ್ನೂ ಅರ್ಧಂಬರ್ಧ ಮಾಡುವವಳಲ್ಲ. ಗಂಜಿಗೂ ಉಪ್ಪು ಹಾಕಲಿಲ್ಲ. ದಿನಕ್ಕೆ ನಾಲ್ಕು ಲೀಟರ್ ಮೇಲೆಯೇ ಕುಡಿದಳು. ಅಷ್ಟರಲ್ಲಿ ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿದ್ದ ಚಿಕ್ಕಮ್ಮ ಒಂದು ಪೊಟ್ಟಣ ತಂದುಕೊಟ್ಟರು. ಕಂದು ಬಣ್ಣದ ಪುಡಿ, ಪ್ಲಾಸ್ಟಿಕ್ ಕವರ್, ಮೇಲೆ ಒಂದಕ್ಷರ ಇಲ್ಲ. 600 ರೂಪಾಯಿ. ಪುನರ್ನವ, ನೆಗ್ಗಿಲುಮುಳ್ಳು ಬಿಟ್ಟರೆ ಬೇರೇನೂ ಇಲ್ಲ ಅಂತ ಮಾರುವವನು ಹೇಳಿದನಂತೆ. ಚಿಕ್ಕಮ್ಮ ತಂದಿದ್ದು ಪ್ರೀತಿಯಿಂದಲೇ. ಅವರ ಮೇಲೆ ನನಗೆ ಬೇಸರವಿಲ್ಲ.

ಮೊದಲ ಮೂರು ದಿನ ಎಲ್ಲರಿಗೂ ಖುಷಿ. ಗಂಟೆಗೊಮ್ಮೆ ಮೂತ್ರ. ತೂಕ 3 ಕಿಲೋ ಇಳಿಯಿತು. ನಾಲ್ಕನೇ ರಾತ್ರಿ ಮೀನಖಂಡ ಹಿಡಿದುಕೊಂಡು ಅಮ್ಮ ಕೂಗಿಕೊಂಡಳು. ಆಮೇಲೆ ಸುಸ್ತು, ವಾಕರಿಕೆ. ಪುಡಿ ಕೆಲಸ ಮಾಡುತ್ತಿದೆ, ಕೆಟ್ಟದ್ದೆಲ್ಲ ಹೊರಗೆ ಹೋಗುತ್ತಿದೆ ಅಂದುಕೊಂಡು ನಿಲ್ಲಿಸಲಿಲ್ಲ. ಏಳನೇ ದಿನ ಬೆಳಿಗ್ಗೆ ಬಚ್ಚಲ ಒಲೆ ಮುಂದೆ ಅಡಿಕೆ ಹಾಳೆಯ ತುಂಡು ಹಿಡಿದು ಸುಮ್ನೆ ಕೂತಿದ್ದಳಂತೆ. ಒಲೆಗೆ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ‘ಇವತ್ತು ಯಾವ ವಾರ?’ ಅಂತ ಅಪ್ಪನನ್ನು ಮೂರು ಸಲ ಕೇಳಿದಳು. ಏಳಲು ಹೋಗಿ ಅಲ್ಲೇ ಬಿದ್ದಳು.

ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ದಾರಿಯುದ್ದಕ್ಕೂ ಅಪ್ಪ ಅಮ್ಮನನ್ನು ಮಾತಾಡಿಸುತ್ತಲೇ ಬಂದರು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ 118 ಬಂತು. 135ರಿಂದ 145 ಇರಬೇಕು. ಪೊಟ್ಯಾಸಿಯಂ 2.7. ಅದು 3.5ಕ್ಕಿಂತ ಕೆಳಗೆ ಹೋಗಬಾರದು. ಇನ್ನೂ ಇಳಿದಿದ್ದರೆ ಫಿಟ್ಸ್ ಬರಬಹುದಿತ್ತು, ಎದೆ ಬಡಿತ ತಾಳ ತಪ್ಪಬಹುದಿತ್ತು. ಸೋಡಿಯಂ ಕಮ್ಮಿಯಾಗಿದೆ ಅಂತ ಒಂದೇ ಸಲಕ್ಕೆ ಏರಿಸುವ ಹಾಗೂ ಇಲ್ಲ, ಮೆದುಳಿಗೆ ಏಟಾಗುತ್ತದೆ. ದಿನಕ್ಕೆ ಇಷ್ಟೇ ಅಂತ ಲೆಕ್ಕ ಹಾಕಿ ಏರಿಸಿದರು. ಆರು ದಿನ ಆಸ್ಪತ್ರೆಯಲ್ಲಿದ್ದೆವು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ಯಾವ ಮಾತ್ರೆ ತಗೋತಾರೆ?’ ನನಗೆ ಹೆಸರೇ ಗೊತ್ತಿರಲಿಲ್ಲ. ಅಪ್ಪ ಚೀಲದಿಂದ ಸ್ಟ್ರಿಪ್ ತೆಗೆದುಕೊಟ್ಟರು. ಆಮ್ಲೋಡಿಪಿನ್ 10 ಮಿಲಿಗ್ರಾಂ, ಜೊತೆಗೆ ಕ್ಲೋರ್ಥಾಲಿಡೋನ್. ಆಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಸಡಿಲ ಮಾಡಿ ಬಿಪಿ ಇಳಿಸುತ್ತದೆ. ಕೆಲವರಿಗೆ ಹಾಗೆ ಸಡಿಲವಾದ ನಾಳಗಳಿಂದ ನೀರು ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಡೋಸ್ ಜಾಸ್ತಿ ಆದಷ್ಟೂ ಇದೂ ಜಾಸ್ತಿ. ಅಮ್ಮನ ಮೈಯಲ್ಲಿ ನೀರೇನೂ ಹೆಚ್ಚಾಗಿರಲಿಲ್ಲ, ಇರುವ ನೀರು ಜಾಗ ತಪ್ಪಿ ನಿಂತಿತ್ತು ಅಷ್ಟೇ. ಅಂಥ ಊತ ಮೂತ್ರ ಜಾಸ್ತಿ ಮಾಡಿದರೆ ಸರಿಹೋಗುವುದಿಲ್ಲ. ಇನ್ನು ಕ್ಲೋರ್ಥಾಲಿಡೋನ್ ಅಂದರೆ ಮೂತ್ರ ಜಾಸ್ತಿ ಮಾಡುವ ಔಷಧಿಯೇ. ಅದರ ಮೇಲೆ ಆ ಪುಡಿ, ಅದರ ಮೇಲೆ ನಾನು ಹೇಳಿದ ಉಪ್ಪಿಲ್ಲದ ಊಟ, ಕೊಡಗಟ್ಟಲೆ ನೀರು. ಒಂದೊಂದೂ ಸೋಡಿಯಂ ಇಳಿಸುವ ದಾರಿಯೇ.

ಪುಡಿಯಲ್ಲಿ ನಿಜವಾಗಿ ಏನಿತ್ತು ಅಂತ ಲ್ಯಾಬಿಗೆ ಕಳಿಸದೆ ಹೇಳಲಾಗದು ಅಂದರು. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆ ಅರೆದು ಸೇರಿಸುವುದುಂಟಂತೆ. ಪುನರ್ನವ, ನೆಗ್ಗಿಲು ನಮ್ಮ ಆಯುರ್ವೇದದಲ್ಲಿ ಹಿಂದಿನಿಂದ ಬಳಸುವ ಗಿಡಗಳು, ಅವುಗಳ ಮೇಲೆ ನನ್ನ ದೂರಿಲ್ಲ. ಆದರೆ ಪದ್ಧತಿ ಪ್ರಕಾರ ತಯಾರಿಸಿದ ಆಯುರ್ವೇದ ಔಷಧಿಯ ಮೇಲೂ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೇನಿದೆ ಅನ್ನುವುದು ಇರಲೇಬೇಕು. ಓದಿರುವ ವೈದ್ಯರ ಹತ್ತಿರ ಹೋಗಿ, ಈಗ ನುಂಗುತ್ತಿರುವ ಮಾತ್ರೆಗಳನ್ನೂ ಮುಂದಿಟ್ಟು ಕೇಳಿ.

ಮಾತ್ರೆ ಬದಲಾಯಿಸಿದ ಮೇಲೆ ಮೂರು ವಾರದಲ್ಲಿ ಊತ ತಾನಾಗೇ ಹೋಯಿತು. ಕಾಲುಂಗುರ ಸಲೀಸಾಗಿ ಹತ್ತಿತು. ಹಾಗಂತ ನಿಮ್ಮ ಮಾತ್ರೆ ನೀವೇ ನಿಲ್ಲಿಸಬೇಡಿ, ಬಿಪಿ ಒಮ್ಮೆಲೇ ಏರೀತು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಥರದ ಮಾತ್ರೆಯೂ ಮೈಯಲ್ಲಿ ನೀರು ಹಿಡಿಸುತ್ತದೆ. ಕೆಮ್ಮಿಗೆ ಅಂತ ದಿನಾ ಜ್ಯೇಷ್ಠಮಧು ಜಗಿದರೂ ಅಷ್ಟೇ. ‘ಸೋಡಿಯಂ ಕಮ್ಮಿ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಸಿಯಂ ಅತಿಯಾಗಿ ಏರುವ ಅಪಾಯ. ಕಿಡ್ನಿಯವರಿಗೆ ಎಳನೀರೂ ಹಾಗೇ.

ಈಗ ಅಮ್ಮ ಮಾಡುತ್ತಿರುವುದು ಡಾಕ್ಟರು ಹೇಳಿಕೊಟ್ಟಷ್ಟು ಮಾತ್ರ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ. ನಮ್ಮ ಕಡೆ ಅಪ್ಪೆಮಿಡಿ ಬಿಡುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಗಂಟೆಗೊಮ್ಮೆ ಮೆಟ್ಟುಗತ್ತಿ ಬಿಟ್ಟೆದ್ದು ಅಂಗಳದಲ್ಲಿ ಓಡಾಡುತ್ತಾಳೆ. ಮಧ್ಯಾಹ್ನ ಮಲಗಿ, ಎರಡು ದಿಂಬಿನ ಮೇಲೆ ಕಾಲಿಡುತ್ತಾಳೆ.

ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಬೆಳಿಗ್ಗೆ ಮುಖ ಬಾತಿದ್ದರೆ, ಮೂತ್ರ ನೊರೆ ನೊರೆಯಾಗಿದ್ದರೆ ಮನೆಮದ್ದಿಗೆ ಒಂದು ದಿನವನ್ನೂ ಕೊಡಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದೋ, ಹೃದಯದ್ದೋ, ಕಿಡ್ನಿಯದ್ದೋ ಇರಬಹುದು.

ಆ ಜಾತ್ರೆಯಲ್ಲಿ ಪುಡಿ ತಂದವರು ಚಿಕ್ಕಮ್ಮ ಒಬ್ಬರೇ ಇರಲಾರರು. ನಿಮ್ಮ ಮನೆಯಲ್ಲೂ ಅಂಥ ಪೊಟ್ಟಣ ಇದ್ದರೆ ಇವತ್ತೇ ನಿಲ್ಲಿಸಿ. ತಗೊಳ್ಳುತ್ತಿದ್ದವರಿಗೆ ಕಾಲು ಸೆಳೆತ, ಸುಸ್ತು, ಮಾತಿನಲ್ಲಿ ಗೊಂದಲ ಏನಾದರೂ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೋಡಿಯಂ, ಪೊಟ್ಯಾಸಿಯಂ ನೋಡಿಸಿ. ಪೊಟ್ಟಣ, ಮಾತ್ರೆ ಸ್ಟ್ರಿಪ್ ಎರಡನ್ನೂ ಚೀಲಕ್ಕೆ ಹಾಕಿಕೊಂಡೇ ಹೊರಡಿ.