ಸರ್ವರ್ ಕೈಕೊಟ್ಟಾಗ ಪೈಥಾನ್‌ನ ರಿಕ್ವೆಸ್ಟ್ಸ್: ಮೂರು ಸುಗ್ಗಿಗಳ ಬಳಕೆಯ ನಂತರದ ವಿಮರ್ಶೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರ ಲೆಕ್ಕಪತ್ರದ ತಂತ್ರಾಂಶವನ್ನು ಮೂರು ಸುಗ್ಗಿಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ರಾಣೆಬೆನ್ನೂರು, ಚಳ್ಳಕೆರೆ, ಚಿತ್ರದುರ್ಗ ಮುಂತಾದ ಮಾರುಕಟ್ಟೆಗಳ ಮೆಕ್ಕೆಜೋಳ ಮತ್ತು ಶೇಂಗಾದ ಹಿಂದಿನ ದಿನದ ಧಾರಣೆಯನ್ನು, ಬೆಳಗಿನ ವ್ಯಾಪಾರ ಶುರುವಾಗುವ ಮುಂಚೆ ವೆಬ್ ಸರ್ವರ್ ಒಂದರಿಂದ ತಂದು ಅಂಗಡಿಯ ಪರದೆಯ ಮೇಲೆ ತೋರಿಸುವುದು ಅದರ ಕೆಲಸಗಳಲ್ಲಿ ಒಂದು. ಅದಕ್ಕಾಗಿ ಬಳಸುತ್ತಿರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರಿಕ್ವೆಸ್ಟ್ಸ್ ಲೈಬ್ರರಿ, ಅಂದರೆ ವೆಬ್ ಸರ್ವರ್‌ಗಳನ್ನು ಕೇಳಿ ಉತ್ತರ ತರುವ ಸಿದ್ಧ ಕೋಡಿನ ಕಟ್ಟು. ಸರ್ವರ್ ನೆಟ್ಟಗಿರುವಾಗ ಯಾವ ಲೈಬ್ರರಿಯೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಸರ್ವರ್ ಕೈಕೊಟ್ಟ ದಿನಗಳಲ್ಲಿ ಇದು ಹೇಗೆ ನಡೆದುಕೊಂಡಿತು ಎಂಬುದನ್ನೇ ಇಲ್ಲಿ ಮುಖ್ಯವಾಗಿ ಬರೆಯುತ್ತೇನೆ.

ಕೆನೆತ್ ರೈಟ್ಸ್ ಅವರು 2011ರಲ್ಲಿ ಹೊರತಂದ ಈ ಲೈಬ್ರರಿ ಅಪಾಚೆ 2.0 ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಒಳಗೆ ಸಂಪರ್ಕದ ಕೆಲಸವನ್ನೆಲ್ಲ ಮಾಡುವುದು ಯುಆರ್‌ಎಲ್‌ಲಿಬ್3 ಎಂಬ ಇನ್ನೊಂದು ಲೈಬ್ರರಿ. ವಿಳಾಸ ಕೊಟ್ಟು ಒಂದು ಸಾಲು ಬರೆದರೆ ಉತ್ತರ ಕೈಗೆ ಬರುತ್ತದೆ. ಆ ಸರಳತೆ ನಿಜವಾದದ್ದೇ. ಅದರ ಬಗ್ಗೆ ಬರೆದವರು ಬೇಕಾದಷ್ಟಿರುವುದರಿಂದ ನಾನು ಮುಂದಕ್ಕೆ ಹೋಗುತ್ತೇನೆ.

ಮೊದಲ ಸುಗ್ಗಿಯ ಒಂದು ಬೆಳಿಗ್ಗೆ ಪರದೆಯ ಮೇಲೆ ‘ಧಾರಣೆ ತರಲಾಗುತ್ತಿದೆ’ ಎಂಬ ಸಾಲು ಬಂದು ಹಾಗೆಯೇ ನಿಂತಿತು. ಚೀಲ ಇಳಿಸಿ ಬಂದ ರೈತರೊಬ್ಬರು “ರಾಣೆಬೆನ್ನೂರಾಗೆ ನಿನ್ನೆ ಎಷ್ಟು ಹೋಗೇತ್ರೀ?” ಎಂದು ಕೇಳಿದಾಗ ಗುಮಾಸ್ತರ ಬಳಿ ಉತ್ತರವಿರಲಿಲ್ಲ. ನಾನು ಲಾಗ್ ಕಡತ ತೆಗೆದು ನೋಡಿದರೆ ಒಂದು ದೋಷವೂ ದಾಖಲಾಗಿರಲಿಲ್ಲ, ಏಕೆಂದರೆ ದೋಷವೇ ಸಂಭವಿಸಿರಲಿಲ್ಲ: ಆ ಕಡೆಯ ಸರ್ವರ್ ಸಂಪರ್ಕವನ್ನು ಒಪ್ಪಿಕೊಂಡಿತ್ತು, ಒಂದು ಬೈಟನ್ನೂ ಕಳುಹಿಸಿರಲಿಲ್ಲ, ನನ್ನ ಪ್ರೋಗ್ರಾಂ ಕಾಯುತ್ತಲೇ ಇತ್ತು. ಟೈಮ್‌ಔಟ್ (ಕಾಯುವ ಸಮಯದ ಮಿತಿ) ಎಷ್ಟೆಂದು ನಾವು ಹೇಳದಿದ್ದರೆ ರಿಕ್ವೆಸ್ಟ್ಸ್ ತಾನಾಗಿ ಯಾವ ಮಿತಿಯನ್ನೂ ಹಾಕಿಕೊಳ್ಳುವುದಿಲ್ಲ. ದಸ್ತಾವೇಜಿನಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ, ಓದದೆ ಬಿಟ್ಟ ತಪ್ಪು ನನ್ನದು. ಆದರೂ ಇಷ್ಟು ಜನ ಹೊಸಬರು ಕೈಗೆತ್ತಿಕೊಳ್ಳುವ ಲೈಬ್ರರಿಯೊಂದು ಅನಂತವಾಗಿ ಕಾಯುವುದನ್ನೇ ರೂಢಿಯ ನಡತೆಯಾಗಿ ಇಟ್ಟುಕೊಂಡಿರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದೇ ಬಗೆಯ ಎಚ್‌ಟಿಟಿಪಿಎಕ್ಸ್ ಲೈಬ್ರರಿಯಲ್ಲಿ ನಾವು ಏನೂ ಹೇಳದಿದ್ದರೂ 5 ಸೆಕೆಂಡಿನ ಮಿತಿ ಇರುತ್ತದೆ.

ಟೈಮ್‌ಔಟನ್ನು ಎರಡು ಭಾಗವಾಗಿ ಕೊಡಬಹುದು, ಕೊಡಬೇಕು ಕೂಡ. ಮೊದಲನೆಯದು ಸಂಪರ್ಕ ಏರ್ಪಡಲು ಬಿಡುವ ಸಮಯ. ಟಿಸಿಪಿ (ಇಂಟರ್‌ನೆಟ್ ಸಂಪರ್ಕದ ನಿಯಮಾವಳಿ) ಪ್ಯಾಕೆಟ್ಟುಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಮತ್ತೆ ಕಳುಹಿಸುವ ಅವಧಿಯನ್ನು ಲೆಕ್ಕಕ್ಕೆ ಹಿಡಿದು, 3ರ ಗುಣಕಕ್ಕಿಂತ ತುಸು ಹೆಚ್ಚಿಡಿ ಎಂಬ ದಸ್ತಾವೇಜಿನ ಸಲಹೆಯಂತೆ ನಾನು 3.05 ಸೆಕೆಂಡ್ ಇಟ್ಟಿದ್ದೇನೆ. ಎರಡನೆಯದು ಉತ್ತರ ಓದುವಾಗ ಕಾಯುವ ಸಮಯ. ಇಲ್ಲಿ ಎಚ್ಚರ ಬೇಕು: ಇದು ಇಡೀ ಉತ್ತರ ಬಂದು ಮುಗಿಯಲು ಇರುವ ಗಡುವಲ್ಲ, ಒಂದು ಬೈಟಿಗೂ ಮುಂದಿನ ಬೈಟಿಗೂ ನಡುವೆ ಇರಬಹುದಾದ ಮೌನದ ಗಡುವು. ಹನಿಹನಿಯಾಗಿ ಉತ್ತರ ಕೊಡುವ ಸರ್ವರ್ 20 ಸೆಕೆಂಡಿನ ಮಿತಿಯನ್ನು ಒಮ್ಮೆಯೂ ಮೀರದೆ ಹತ್ತು ನಿಮಿಷ ನಮ್ಮನ್ನು ಕೂರಿಸಬಲ್ಲದು.

ಈ ಲೈಬ್ರರಿಯಲ್ಲಿ ನಾನು ಮನಸಾರೆ ಮೆಚ್ಚುವುದು ದೋಷಗಳನ್ನು ವಿಂಗಡಿಸಿರುವ ರೀತಿ. ರಿಕ್ವೆಸ್ಟ್ ಎಕ್ಸೆಪ್ಶನ್ ಎಂಬ ಒಂದೇ ಬೇರು. ಅದರಿಂದ ಕನೆಕ್ಷನ್ ಎರರ್, ಟೈಮ್‌ಔಟ್, ಎಚ್‌ಟಿಟಿಪಿ ಎರರ್, ಟೂ ಮೆನಿ ರೀಡೈರೆಕ್ಟ್ಸ್ ಮುಂತಾದ ಕವಲುಗಳು. ಅಂಗಡಿಯ ಇಂಟರ್‌ನೆಟ್ ಹೋಗಿ ಹೆಸರಿನಿಂದ ವಿಳಾಸ ಸಿಗದಿದ್ದರೂ, ಸರ್ವರ್ ಸಂಪರ್ಕವನ್ನು ನಿರಾಕರಿಸಿದರೂ, ಉತ್ತರ ಶುರುವಾಗುವ ಮುಂಚೆ ಕಡಿದುಹಾಕಿದರೂ ಬರುವುದು ಕನೆಕ್ಷನ್ ಎರರ್. ಸಂಪರ್ಕದ ಹಂತದ ಟೈಮ್‌ಔಟ್ ಕನೆಕ್ಷನ್ ಎರರ್ ಗುಂಪಿಗೂ ಟೈಮ್‌ಔಟ್ ಗುಂಪಿಗೂ ಸೇರಿದೆ, ಆದ್ದರಿಂದ ಯಾವುದನ್ನು ಮೊದಲು ಹಿಡಿಯುತ್ತೇವೆ ಎಂಬುದು ಮುಖ್ಯವಾಗುತ್ತದೆ. ಓದುವ ಹಂತದ ಟೈಮ್‌ಔಟನ್ನು ಬೇರೆಯಾಗಿಯೇ ಇಟ್ಟಿರುವುದರ ಬೆಲೆ ನನಗೆ ತಿಳಿದದ್ದು, ತೂಕ ಮತ್ತು ಮೊತ್ತದ ಎಸ್‌ಎಂಎಸ್ ರೈತರಿಗೆ ಹೋಗುವಂತೆ ಮಾಡುವ ಭಾಗವನ್ನು ಬರೆಯುವಾಗ. ಸಂಪರ್ಕವೇ ಆಗದಿದ್ದರೆ ನಮ್ಮ ಕೋರಿಕೆ ಆ ಕಡೆಗೆ ತಲುಪಿಲ್ಲ, ನಿಶ್ಚಿಂತೆಯಿಂದ ಮತ್ತೊಮ್ಮೆ ಕಳುಹಿಸಬಹುದು. ಓದುವಾಗ ಸಮಯ ಮೀರಿದ್ದರೆ ಕೋರಿಕೆ ತಲುಪಿ, ಕೆಲಸವೂ ಆಗಿ, ಉತ್ತರ ಮಾತ್ರ ಬಾರದೆ ಹೋಗಿರಬಹುದು. ಮತ್ತೆ ಕಳುಹಿಸಿದರೆ ಒಂದೇ ಲೋಡಿಗೆ ಎರಡು ಸಂದೇಶ ಹೋಗಿ, ರೈತರು ಯಾವುದನ್ನು ನಂಬಬೇಕೆಂದು ತಿಳಿಯದೆ ಅಂಗಡಿಗೆ ಬರುತ್ತಾರೆ.

ಒಂದು ಹೆಸರಿನ ಗೊಂದಲವನ್ನು ಮಾತ್ರ ನಾನು ಒಪ್ಪಲಾರೆ. ಪೈಥಾನ್ ಭಾಷೆಯಲ್ಲೇ ಕನೆಕ್ಷನ್ ಎರರ್ ಎಂಬ ಇನ್ನೊಂದು ವರ್ಗವಿದೆ, ರಿಕ್ವೆಸ್ಟ್ಸ್‌ನದು ಅದರ ಸಂತತಿಯಲ್ಲ. ಲೈಬ್ರರಿಯ ಹೆಸರನ್ನು ಮುಂದೆ ಸೇರಿಸದೆ ಬರೆದರೆ ಬಲೆ ಹಾಕಿದ್ದೇವೆಂದುಕೊಳ್ಳುತ್ತೇವೆ, ಮೀನು ಪಕ್ಕದಲ್ಲೇ ಹಾದುಹೋಗುತ್ತದೆ.

ಉತ್ತರದ ಜೊತೆ 404 (ಕೇಳಿದ ಪುಟ ಇಲ್ಲ) ಅಥವಾ 500 (ಸರ್ವರ್ ಒಳಗೇ ತೊಂದರೆ) ಎಂಬ ಸ್ಥಿತಿ ಸಂಖ್ಯೆ ಬಂದಾಗ ರಿಕ್ವೆಸ್ಟ್ಸ್ ತಾನಾಗಿ ದೋಷ ಎತ್ತುವುದಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಇದು ಸರಿಯೆನಿಸುತ್ತದೆ, ಏಕೆಂದರೆ ಸರ್ವರ್ ಉತ್ತರವನ್ನಂತೂ ಕೊಟ್ಟಿದೆ, ಅದು ನಮಗೆ ಬೇಕಾದ ಉತ್ತರವೇ ಎಂದು ತೀರ್ಮಾನಿಸಬೇಕಾದವರು ನಾವು. ರೈಸ್ ಫಾರ್ ಸ್ಟೇಟಸ್ ಎಂಬ ವಿಧಾನವನ್ನು ಕರೆದರೆ 400 ಮತ್ತು 500ರ ಸಾಲಿನ ಸಂಖ್ಯೆಗಳು ದೋಷಗಳಾಗುತ್ತವೆ. ಆದರೆ ದುರಸ್ತಿಯ ಸೂಚನೆಯುಳ್ಳ ಎಚ್‌ಟಿಎಂಎಲ್ ಪುಟವನ್ನು ಎಲ್ಲ ಸರಿಯಿದೆ ಎನ್ನುವ 200ರ ಸಂಖ್ಯೆಯೊಂದಿಗೇ ಕಳುಹಿಸುವ ಸರ್ವರ್‌ಗಳೂ ಇವೆ. ಅಂಥ ಉತ್ತರವನ್ನು ಜೇಸನ್ (ದತ್ತಾಂಶ ಕಳುಹಿಸುವ ಒಂದು ಪಠ್ಯರೂಪ) ಎಂದು ಬಿಡಿಸಲು ಹೋದಾಗ ಬರುವ ದೋಷ 2.27ನೇ ಆವೃತ್ತಿಯಿಂದ ಈ ಲೈಬ್ರರಿಯದೇ ಕುಟುಂಬಕ್ಕೆ ಸೇರಿದ್ದು ನನಗೆ ದೊಡ್ಡ ಅನುಕೂಲವಾಯಿತು. ಇನ್ನೊಂದು ಕಡೆ ನಾನು ಅರ್ಧ ದಿನ ಕಳೆದಿದ್ದೇನೆ: ಉತ್ತರದ ವಸ್ತುವನ್ನು ‘ಇದೆಯೇ’ ಎಂದು ಬರಿದೇ ಪರೀಕ್ಷಿಸಿದರೆ, 404 ಬಂದಾಗ ಅದು ಇದ್ದರೂ ಇಲ್ಲ ಎನ್ನುತ್ತದೆ. ಅದು ‘ನನ್’ (ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂಬುದರ ಗುರುತು) ಹೌದೋ ಅಲ್ಲವೋ ಎಂದು ನೇರವಾಗಿ ಕೇಳಬೇಕು.

ಮರುಪ್ರಯತ್ನದ ವಿಷಯದಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ. ಮೊದಲಿನ ಸ್ಥಿತಿಯಲ್ಲಿ ಮರುಪ್ರಯತ್ನಗಳ ಸಂಖ್ಯೆ ಸೊನ್ನೆ. ಬೇಕೆಂದರೆ ಯುಆರ್‌ಎಲ್‌ಲಿಬ್3ರ ರಿಟ್ರೈ ವರ್ಗವನ್ನು ತಂದು, ಸಂಪರ್ಕ ನಡೆಸುವ ಅಡಾಪ್ಟರ್‌ಗೆ ಕೊಟ್ಟು, ಅಡಾಪ್ಟರನ್ನು ಕೋರಿಕೆಗಳನ್ನೆಲ್ಲ ಕಳುಹಿಸುವ ಸೆಷನ್‌ಗೆ ಜೋಡಿಸಬೇಕು; ಸರಳತೆಗೆ ಹೆಸರಾದ ಲೈಬ್ರರಿ ಇಲ್ಲಿ ತನ್ನ ಹೊಟ್ಟೆಯೊಳಗಿನ ಯಂತ್ರವನ್ನು ನಮ್ಮ ಮುಂದೆ ಬಿಚ್ಚಿಡುತ್ತದೆ. ಜೋಡಿಸಿ, ಯಾವ ಸಂಖ್ಯೆಗಳಿಗೆ ಎಷ್ಟು ಅಂತರದಲ್ಲಿ ಎಂದು ಹೇಳಿದ ಮೇಲೆ ಕೆಲಸ ಅಚ್ಚುಕಟ್ಟು: ನಾನು ಪಟ್ಟಿಯಲ್ಲಿ ಕೊಟ್ಟ 429, 502, 503, 504 (ಕೋರಿಕೆ ಹೆಚ್ಚಾಯಿತು ಅಥವಾ ಸರ್ವರ್ ಸದ್ಯಕ್ಕೆ ಸಿಗುತ್ತಿಲ್ಲ ಎನ್ನುವ ಸಂಖ್ಯೆಗಳು) ಬಂದಾಗ ಅಂತರ ಹೆಚ್ಚಿಸುತ್ತಾ ಮತ್ತೆ ಕೇಳುತ್ತದೆ, ಇಷ್ಟು ಹೊತ್ತು ಬಿಟ್ಟು ಬನ್ನಿ ಎಂದು 429 ಅಥವಾ 503ರ ಜೊತೆ ಸರ್ವರ್ ತಿಳಿಸಿದ್ದರೆ ಅದನ್ನು ಪಾಲಿಸುತ್ತದೆ, ಮತ್ತು ಪೋಸ್ಟ್ ಕೋರಿಕೆಗಳನ್ನು (ಸರ್ವರ್‌ಗೆ ಮಾಹಿತಿ ಕೊಡುವಂಥವು) ನಾವು ಹೇಳದ ಹೊರತು ಇಂಥ ಉತ್ತರಗಳಿಗಾಗಿ ಮತ್ತೆ ಕಳುಹಿಸುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಪ್ರತ್ಯೇಕವಾದ ಒಂದು ಮಾತು. ಸರ್ವರ್ ಪಠ್ಯವನ್ನು ಕಳುಹಿಸಿ ಅದು ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಎಂದು ಹೇಳದಿದ್ದರೆ, ರಿಕ್ವೆಸ್ಟ್ಸ್ ಅದನ್ನು ಪಶ್ಚಿಮ ಯುರೋಪಿನ ಭಾಷೆಗಳ ಐಎಸ್‌ಒ-8859-1 ಎಂದು ಭಾವಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಚನ್ನಗಿರಿ’ ಎಂಬ ಹೆಸರಿನ 8 ಸಂಕೇತಗಳು 24 ಬೈಟುಗಳಾಗಿ ಬಂದು, ಪರದೆಯ ಮೇಲೆ ತಲೆಬುಡವಿಲ್ಲದ ಚಿಹ್ನೆಗಳ ಸಾಲಾಗುತ್ತವೆ. ಯಾವ ದೋಷವೂ ಏಳುವುದಿಲ್ಲ ಎಂಬುದೇ ಇದರ ಅಪಾಯ. ಪಠ್ಯವನ್ನು ಓದುವ ಮುಂಚೆ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಾವೇ ಬರೆದುಬಿಟ್ಟರೆ ಸರಿಹೋಗುತ್ತದೆ. ಜೇಸನ್ ಉತ್ತರಗಳಿಗೆ ಈ ತೊಂದರೆ ಇಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿಯಾಗಿ ಟೈಮ್‌ಔಟಿನದು. ಏಕಕಾಲಕ್ಕೆ ನೂರಾರು ಸರ್ವರ್‌ಗಳನ್ನು ಅಸಿಂಕ್ ರೀತಿಯಲ್ಲಿ, ಅಂದರೆ ಒಂದರ ಉತ್ತರಕ್ಕೆ ಕಾಯದೆ ಇನ್ನೊಂದನ್ನು, ಕೇಳಬೇಕಾದವರು ಎಚ್‌ಟಿಟಿಪಿಎಕ್ಸ್ ಕಡೆಗೆ ಹೋಗುವುದು ಒಳ್ಳೆಯದು. ನಮ್ಮ ಅಂಗಡಿಯ ಕೆಲಸಕ್ಕೆ ರಿಕ್ವೆಸ್ಟ್ಸ್ ಸಾಕು. ಈಗ ಸರ್ವರ್ ಉತ್ತರಿಸದ ಬೆಳಿಗ್ಗೆ, ಮರುಪ್ರಯತ್ನಗಳು ಮುಗಿದ ಕೂಡಲೇ ಪರದೆಯ ಮೇಲೆ ಕೊನೆಯ ಬಾರಿ ಸಿಕ್ಕ ಧಾರಣೆ ಬರುತ್ತದೆ, ಅದರ ಪಕ್ಕದಲ್ಲಿ ಅದು ಯಾವ ದಿನ ಎಷ್ಟು ಗಂಟೆಯದು ಎಂಬುದು ಕೆಂಪು ಅಕ್ಷರದಲ್ಲಿ ಇರುತ್ತದೆ, ಗುಮಾಸ್ತರು ಅದನ್ನು ಓದಿ ಹೇಳುತ್ತಾರೆ.