ಕ್ಲೌನ್ ಟ್ರಿಗರ್, ನೀಲಿ ಟ್ರಿಗರ್, ಎಂಪರರ್, ಮುರು: ಜಾತಿ ನೋಡುವುದೋ, ಮೀನು ನೋಡುವುದೋ?

ಉಪ್ಪುನೀರಿನ ಅಕ್ವೇರಿಯಂಗೆಂದು ಒಟ್ಟಿಗೆ ಬಂದ, ಒಂದೇ ಅಳತೆಯ ಎರಡು ಕ್ಲೌನ್ ಟ್ರಿಗರ್‌ಗಳನ್ನು ಬೇರೆ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿ. ಒಂದು ಕೈ ಕಂಡ ಕೂಡಲೇ ಎದುರು ಬರುತ್ತದೆ, ಕಲ್ಲು ಮಗುಚುತ್ತದೆ, ಪಂಪಿನ ವಯರು ಕಚ್ಚುತ್ತದೆ. ಇನ್ನೊಂದು ಬೆನ್ನಮುಳ್ಳನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ಕೂತರೆ ಜನ ದೂರ ಹೋಗುವವರೆಗೆ ಹೊರಬರುವುದಿಲ್ಲ.

ಹೆಚ್ಚಿನವರು ಎರಡನೆಯದನ್ನು ಸಾಧು ಎಂದು ಒಯ್ಯುತ್ತಾರೆ. ನಮ್ಮ ಆಯ್ಕೆ ಮೊದಲನೆಯದು. ಅದು ಮೊದಲ ವಾರವೇ ಇಕ್ಕಳದಿಂದ ತಿನ್ನುತ್ತದೆ, ರೋಗ ಬಂದರೆ ಬೇಗ ಕಣ್ಣಿಗೆ ಬೀಳುತ್ತದೆ. ಅಡಗುವ ಮೀನು ಸೊರಗಿದ್ದು ಗೊತ್ತಾಗುವುದೇ ತಡ. ಮೇಲಾಗಿ ತನ್ನ ಸಂದಿಯ ಹತ್ತಿರ ಬಂದವರನ್ನು ಅದೂ ಬಿಡುವುದಿಲ್ಲ. ಆದರೆ ಧೈರ್ಯದ ಟ್ರಿಗರನ್ನು ಟ್ಯಾಂಕಿಗೆ ಕೊನೆಯಲ್ಲೇ ಬಿಡಬೇಕು. ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ಅದರದ್ದು. ಎಂಟು-ಹತ್ತು ಸೆಂಟಿಮೀಟರಿನ ಮರಿ ಒಳ್ಳೆಯದು: ತೀರಾ ಚಿಕ್ಕದು ಹೊಟ್ಟೆ ಒಳಸೇರಿ ಸಾಯುತ್ತದೆ, ದೊಡ್ಡದರ ಗುಣ ಆಗಲೇ ಗಟ್ಟಿಯಾಗಿರುತ್ತದೆ. ಬೆಳೆದರೆ 50 ಸೆಂ.ಮೀ. ಮುಟ್ಟುವ ಮೀನಿದು; ಸಾವಿರ ಲೀಟರಿಗಿಂತ ಕಡಿಮೆಯಲ್ಲಿ ಬೇಡ.

ನೀಲಿ ಟ್ರಿಗರ್, ಅಂದರೆ ಕೆಂಪು ಹಲ್ಲಿನದ್ದು, ಸಮುದ್ರದಲ್ಲಿ ಗುಂಪಾಗಿ ಈಜುತ್ತಾ, ಹರಿವಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಅದರಲ್ಲೂ ಪುಕ್ಕಲು, ಧೈರ್ಯವಂತ ಎಂಬ ವ್ಯತ್ಯಾಸ ಉಂಟು, ಕ್ಲೌನಿನಷ್ಟಿಲ್ಲ. ಮೊದಲ ಸಲ ಸಾಕುವವರಿಗೆ ಇದೇ ಸಾಕು.

ಎರಡಕ್ಕೂ ಹಲ್ಲು ಬೆಳೆಯುತ್ತಲೇ ಇರುತ್ತದೆ. ಕಾಸರಗೋಡಿನ ಪಡನ್ನ ಹಿನ್ನೀರಿನ ಪಚ್ಚಿಲೆಯನ್ನು (ಹಸಿರು ಚಿಪ್ಪಿನ ಮೃದ್ವಂಗಿ) ಚಿಪ್ಪು ಸಮೇತ ವಾರಕ್ಕೆರಡು ಸಲ ಹಾಕಿ. ಜಗಿದೇ ಹಲ್ಲು ಸವೆಯುತ್ತದೆ. ಕೊಯ್ಲು ಮಳೆಗಾಲದ ಮೊದಲೇ ಮುಗಿಯುವುದರಿಂದ ಮೇ ತಿಂಗಳಲ್ಲೇ ಫ್ರೀಜರಿಗೆ ಹಾಕಿಡಿ. ನತ್ತೋಲಿ ಎಂಬ ಸಣ್ಣ ಮೀನು ಅಗ್ಗ ಎಂದು ಅದನ್ನೇ ಹಾಕಬೇಡಿ, ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ವಿಟಮಿನನ್ನು ಕೆಡಿಸುತ್ತದೆ.

ಎಂಪರರ್ ಏಂಜೆಲ್‌ನಲ್ಲಿ ನೋಡಬೇಕಾದ್ದು ಸಿಟ್ಟಲ್ಲ, ಬಾಯಿ. ಬಿಳಿ ಬಳೆಗಳಿರುವ ಮರಿ ಹೊಸ ತಿಂಡಿ ಬೇಗ ಕಲಿಯುತ್ತದೆ, ಆದರೆ ಟ್ಯಾಂಕಿನಲ್ಲೇ ಬೆಳೆದರೆ ಹಳದಿ ಪಟ್ಟೆ ಅಷ್ಟು ತೇಜವಾಗಿ ಬರದೇ ಇರಬಹುದು. ಪಟ್ಟೆ ಬಂದ ದೊಡ್ಡ ಮೀನು ಚಂದ. ಆದರೆ ಕೆಲವು ನೋರಿ ಎಂಬ ಒಣಗಿಸಿದ ಕಡಲಕಳೆಯ ಎಲೆಯನ್ನೂ ಮೂಸುವುದಿಲ್ಲ. ಅಂಗಡಿಯವರು ನಿಮ್ಮ ಎದುರೇ ತಿನ್ನಿಸದಿದ್ದರೆ ಬಿಟ್ಟುಬನ್ನಿ.

ಮುರು, ಅಂದರೆ ಗ್ರೂಪರ್ ಮೀನಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಬಾಯಿಗೆ ಹಿಡಿಸುವ ಮೀನು ಅದರ ಪಾಲಿಗೆ ಊಟ, ಪುಕ್ಕಲು ಮುರುವಿಗೂ ಹಾಗೆಯೇ. ಬೆಳೆದ ಮೇಲೆ ವಾರಕ್ಕೆ ಮೂರು ಸಲ ತಿಂಡಿ ಸಾಕು.

ಗುಣ ಅಳೆಯುವ ಮೊದಲು ನೀರು ಸರಿಯಿರಲಿ. ಜೂನಿನಿಂದ ಚಂದ್ರಗಿರಿ ಅಳಿವೆಯ ಆಚೀಚೆ ತುಂಬಿದ ನೀರಿನ ಉಪ್ಪು ತೀರಾ ಇಳಿದಿರುತ್ತದೆ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ತೋರಿಸದಿದ್ದರೆ ಅಕ್ವೇರಿಯಂ ಉಪ್ಪು ಸೇರಿಸಿಯೇ ಬಳಸಿ. ಉಪ್ಪು ಏರಿಳಿದರೆ, ಮಳೆಗೆ ಕರೆಂಟು ಹೋಗಿ ಗಾಳಿ ನಿಂತರೆ, ಧೈರ್ಯದ ಮೀನೂ ಮೂಲೆ ಸೇರುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಇರಲೇಬೇಕು. ಹೊಸ ಮೀನನ್ನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಡಿ. ಅದು ಪುಕ್ಕಲೋ ಅಲ್ಲವೋ ಎಂದು ಎರಡನೇ ವಾರ ಕಳೆದ ಮೇಲೆಯೇ ತೀರ್ಮಾನಿಸಿ.