ನೀಲಕಂಠವೋ ಕುಂಜಾಪುರಿಯೋ? ಋಷಿಕೇಶದಲ್ಲಿ ಅರ್ಧ ದಿನ ಉಳಿದರೆ

ಋಷಿಕೇಶಕ್ಕೆ ಹೋದವರು ಘಾಟು, ಆರತಿ, ತೂಗುಸೇತುವೆ ಎಲ್ಲ ನೋಡಿ ಮುಗಿಸಿದ ಮೇಲೆ ಬೆಟ್ಟದ ಕಡೆ ತಲೆ ಎತ್ತುತ್ತಾರೆ. ಆಗ ಹೋಟೆಲಿನವರು, ಆಟೋದವರು, ಟೀ ಅಂಗಡಿಯವರು ಎಲ್ಲರೂ ಹೇಳುವ ಹೆಸರು ಒಂದೇ: ನೀಲಕಂಠ ಮಹಾದೇವ. ನಾನು ಹೇಳುವುದು ಕುಂಜಾಪುರಿ. ಅಕ್ಕನ ಮನೆ ಡೆಹ್ರಾಡೂನ್‌ನಲ್ಲಿರುವುದರಿಂದ ಮಳೆಗಾಲದಲ್ಲೂ ಚಳಿಗಾಲದಲ್ಲೂ ಆ ಕಡೆ ಓಡಾಡಿದ್ದೇನೆ. ಎರಡನ್ನೂ ನೋಡಿದ್ದೇನೆ, ವಸಿಷ್ಠ ಗುಹೆಯನ್ನೂ ನೋಡಿದ್ದೇನೆ. ಮತ್ತೆ ಹೋಗಬೇಕು ಅನಿಸುವುದು ಕುಂಜಾಪುರಿಗೆ ಮಾತ್ರ.

ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸೋಣ ಅಂದುಕೊಳ್ಳಬೇಡಿ. ನೀಲಕಂಠ ಗಂಗೆಯ ಆಚೆ ದಡದ ಪೌಡಿ ಜಿಲ್ಲೆಯಲ್ಲಿದೆ. ಕುಂಜಾಪುರಿ ಈಚೆ ದಡದ ಟಿಹರಿ ಜಿಲ್ಲೆಯಲ್ಲಿದೆ. ಒಂದು ಕಾಡಿನ ಮಡಿಲಲ್ಲಿ ಅಡಗಿದೆ, ಇನ್ನೊಂದು ಬೆಟ್ಟದ ನೆತ್ತಿಯ ಮೇಲಿದೆ.

ನೀಲಕಂಠಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದು ಅಮ್ಮ. ನಮ್ಮ ಮನೆದೇವರು ನಂಜನಗೂಡಿನ ನಂಜುಂಡೇಶ್ವರ. ಸಮುದ್ರ ಮಥನದಲ್ಲಿ ಬಂದ ಹಾಲಾಹಲವನ್ನು ಶಿವ ಕುಡಿದ ಅದೇ ಕಥೆ ಇಲ್ಲಿಯೂ ಇದೆ. ಗುಡಿಯ ಗೋಪುರದ ಮೇಲೆ ದೇವತೆಗಳು, ರಾಕ್ಷಸರು ಹಗ್ಗ ಎಳೆಯುವ ಬೊಂಬೆಗಳಿವೆ. ಶಿಖರದ ಮಾದರಿಯೂ ನಮ್ಮ ಕಡೆಯದನ್ನು ನೆನಪಿಸುತ್ತದೆ. ಅಮ್ಮನಿಗೆ ಅಷ್ಟು ಸಾಕಾಗಿತ್ತು.

ತೊಂದರೆ ಬಂದಿದ್ದು ಕ್ಯಾಲೆಂಡರಿನಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯಿಂದ ಹೋಗುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಆಷಾಢದಲ್ಲಿ ಮದುವೆ ಮುಂಜಿ ಇಲ್ಲ. ರಜೆ ಹೊಂದಿಸುವುದು ಸುಲಭ. ಶ್ರಾವಣ ಬಂದರೆ ಅಲ್ಲಿ ಶಿವನ ಗುಡಿಗಳಿಗೆ ಜನ ನುಗ್ಗುತ್ತಾರೆ ಅನ್ನುವುದು ಗೊತ್ತಿತ್ತು. ಅದಕ್ಕೇ ಆಷಾಢದಲ್ಲೇ ಹೋಗಿಬರೋಣ ಅಂತ ಹೊರಟೆವು. ಮನೆಯ ಗೋಡೆಯ ಮೇಲೆ ತೂಗುವ ಕ್ಯಾಲೆಂಡರ್ ಪ್ರಕಾರ ಶ್ರಾವಣಕ್ಕೆ ಇನ್ನೂ ದಿನವಿತ್ತು.

ಆದರೆ ಉತ್ತರದವರಿಗೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮಗೆ ಅಮಾವಾಸ್ಯೆಗೆ. ಹಾಗಾಗಿ ನಮ್ಮ ಆಷಾಢ ಬಹುಳ ಶುರುವಾದ ದಿನವೇ ಅವರಿಗೆ ಶ್ರಾವಣ. ಕಾವಡ್ ಯಾತ್ರೆ ನಡೆಯುವುದೂ ಅದೇ ಪಕ್ಷದಲ್ಲಿ. ಹರಿದ್ವಾರದಲ್ಲಿ ಗಂಗೆ ತುಂಬಿಕೊಂಡು ತಮ್ಮೂರಿನ ಶಿವನಿಗೆ ಎರೆಯುವ ಯಾತ್ರೆ ಅದು. ಅಷ್ಟು ದೂರ ಬಂದವರಲ್ಲಿ ಎಷ್ಟೋ ಜನ ನೀಲಕಂಠಕ್ಕೂ ಹೋಗಿಬರುತ್ತಾರೆ. 2025ರ ಲೆಕ್ಕ ನೋಡಿ. ಯಾತ್ರೆ ಜುಲೈ 11ಕ್ಕೆ ಶುರುವಾಗಿ 23ಕ್ಕೆ ಮುಗಿಯಿತು. ಮಾರನೆಯ ದಿನ ನಮ್ಮ ಭೀಮನ ಅಮಾವಾಸ್ಯೆ. ಅಂದರೆ ನಮ್ಮ ಶ್ರಾವಣ ಶುರುವಾಗುವ ಮೊದಲೇ ಅಲ್ಲಿನ ದೊಡ್ಡ ಜಾತ್ರೆ ಮುಗಿದಿರುತ್ತದೆ! ನಾವು ಸಿಕ್ಕಿಬಿದ್ದಿದ್ದು ಅದರ ನಟ್ಟನಡುವೆ, ಅದೂ ಸೋಮವಾರ.

ಆ ದಿನದ ರಸ್ತೆಯನ್ನು ಹೇಗೆ ಹೇಳುವುದು! ಸ್ವರ್ಗಾಶ್ರಮದ ಕಡೆಯ ಸ್ಟ್ಯಾಂಡಿನಿಂದ ಹೊರಡುವ ಶೇರ್ ಜೀಪು ಮಾಮೂಲಿ ದಿನದಲ್ಲಿ ಜನ ತುಂಬುವವರೆಗೆ ಕಾಯಿಸುತ್ತದೆ. ಅವತ್ತು ಜನಕ್ಕೆ ಬರವಿರಲಿಲ್ಲ, ಜೀಪಿಗೆ ಬರವಿತ್ತು. ಹೇಗೋ ಹತ್ತಿದೆವು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಇಳಿಜಾರು, ನಡುವೆ ಕಿತ್ತಲೆ ಬಣ್ಣದ ಬನಿಯನ್ನು ತೊಟ್ಟವರ ಬೈಕುಗಳ ಸಾಲು. ಎಲ್ಲ ಕಡೆಯಿಂದ ಸ್ಪೀಕರ್ ಸದ್ದು. ತಿರುವಿನಲ್ಲಿ ಒಬ್ಬ ಅಡ್ಡ ನುಗ್ಗಿದರೆ ಎರಡೂ ಕಡೆ ಗಾಡಿಗಳು ಜಾಮ್. ಮಾಮೂಲಿ ದಿನ ಗಂಟೆಯೊಂದರಲ್ಲಿ ಮುಗಿಯುವ ದಾರಿಗೆ ಬೆಳಗ್ಗೆಯೆಲ್ಲ ಹಿಡಿಯಿತು. ಕೊನೆಯ ತುಂಡನ್ನು ಮಳೆಯಲ್ಲೇ ನಡೆದೆವು. ಪಕ್ಕದಲ್ಲಿದ್ದ ಹುಡುಗರು "ಮಾತಾಜಿ, ಆಯಿಯೇ" ಅಂತ ಅಮ್ಮನಿಗೆ ಕೈ ಕೊಟ್ಟು ದಾಟಿಸಿದರು. ಜನ ಒಳ್ಳೆಯವರೇ, ಜಾಸ್ತಿ ಇದ್ದರು ಅಷ್ಟೇ. ಸಾಲಿನಲ್ಲಿ ನಿಂತು ನಿಂತು, ಲಿಂಗದ ಮುಂದೆ ಸಿಕ್ಕಿದ್ದು ಒಂದು ಉಸಿರಿನಷ್ಟು ಹೊತ್ತು. ಹಿಂದಿನವರು ತಳ್ಳಿದರು, ನಾವು ಹೊರಗೆ ಬಂದೆವು.

ವಾಪಸ್ ಬರುವಾಗ ಜೀಪಿನ ಡ್ರೈವರ್ ಇನ್ನೊಂದು ವಿಷಯ ಹೇಳಿದರು. ಅವರು ಗಢವಾಲಿ. ಅವರ ಮನೆಯಲ್ಲಿ ತಿಂಗಳು ಶುರುವಾಗುವುದು ಹುಣ್ಣಿಮೆಯಿಂದಲೂ ಅಲ್ಲ, ಅಮಾವಾಸ್ಯೆಯಿಂದಲೂ ಅಲ್ಲ, ಸಂಕ್ರಾಂತಿಯಿಂದ. ಒಂದೇ ಜೀಪಿನಲ್ಲಿ ಮೂರು ಶ್ರಾವಣ!

ನ್ಯಾಯವಾಗಿ ಹೇಳಬೇಕೆಂದರೆ, ಆಮೇಲೊಮ್ಮೆ ಕಾರ್ತಿಕದಲ್ಲಿ ಹೋದಾಗ ನೀಲಕಂಠ ಬೇರೆಯೇ ಜಾಗದ ಹಾಗಿತ್ತು. ದಟ್ಟ ಕಾಡು, ಮುಸುಡಿ ಕಪ್ಪಗಿರುವ ಲಂಗೂರ್‌ಗಳು, ತಣ್ಣನೆ ಗಾಳಿ. ಗುಡಿಯವರೆಗಿನ ಅಂಗಡಿ ಸಾಲಿನ ಕೂಗಾಟ ಮಾತ್ರ ಆಗಲೂ ತಪ್ಪಲಿಲ್ಲ. ಚಪ್ಪಲಿ ಇಲ್ಲಿಡಿ, ಪ್ರಸಾದ ಇಲ್ಲಿ ತಗೊಳ್ಳಿ ಅಂತ ಪ್ರತಿ ಹೆಜ್ಜೆಗೂ ಒಬ್ಬರು. ಕಾಲಲ್ಲಿ ಕಸುವಿದ್ದವರು ಸ್ವರ್ಗಾಶ್ರಮದಿಂದ ಕಾಡಿನ ಹಳೆಯ ಕಾಲುದಾರಿ ಹಿಡಿಯುವುದುಂಟು. ಅದು ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಆನೆ ಓಡಾಡುತ್ತವೆ. ಒಬ್ಬರೇ ಹೋಗಬೇಡಿ.

ಈಗ ಕುಂಜಾಪುರಿ. ಸತಿಯ ದೇಹದ ಭಾಗ ಬಿದ್ದ ಜಾಗ ಅನ್ನುವ ನಂಬಿಕೆ. ಸುರ್ಕಂಡಾ ದೇವಿ, ಚಂದ್ರಬದನಿ ಜೊತೆ ಸೇರಿಸಿ ಮೂರು ಸಿದ್ಧಪೀಠ ಅನ್ನುತ್ತಾರೆ. ಗುಡಿ ಚಿಕ್ಕದು. ಹಳೆಯ ಕೆತ್ತನೆ ನೋಡಬೇಕು ಅಂತ ಹೋದರೆ ನಿರಾಸೆ. ಸುಮಾರು 300 ಮೆಟ್ಟಿಲು. ಅಮ್ಮ ಕಂಬಿ ಹಿಡಿದುಕೊಂಡು, ನಿಂತು ನಿಂತು ಹತ್ತಿದರು, ಮಧ್ಯೆ ನನ್ನನ್ನು ಬೈದುಕೊಂಡರು.

ಹತ್ತಿದ ಮೇಲೆ ಬೈಗುಳ ನಿಂತಿತು. 1,600 ಮೀಟರಿಗೂ ಎತ್ತರದ ಆ ನೆತ್ತಿಯಿಂದ ಉತ್ತರಕ್ಕೆ ಹಿಮದ ಸಾಲು ಕಾಣುತ್ತದೆ: ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಚೌಖಂಬಾ. ಇನ್ನೊಂದು ಕಡೆ ತಿರುಗಿದರೆ ಋಷಿಕೇಶ, ಅದರಾಚೆ ಹರಿದ್ವಾರದ ಬಯಲು. ಬಿಸಿಲು ಮೊದಲು ಹಿಮಕ್ಕೆ ತಗಲುತ್ತದೆ, ಆಮೇಲೆ ನಮಗೆ. ಅರ್ಚಕರು ಅವಸರ ಮಾಡಲಿಲ್ಲ. ಹಣೆಗೆ ಕುಂಕುಮ ಇಟ್ಟು, ಎಲ್ಲಿಂದ ಬಂದಿರಿ ಅಂತ ಕೇಳಿದರು. ಅಮ್ಮ ತಮ್ಮ ಹರಕು ಹಿಂದಿಯಲ್ಲಿ ಮೈಸೂರು, ಚಾಮುಂಡಿ ಬೆಟ್ಟ ಎಲ್ಲ ವಿವರಿಸುತ್ತಾ ಕೂತರು. ನೀಲಕಂಠದಲ್ಲಿ ಇಷ್ಟು ಪುರುಸೊತ್ತು ಯಾರಿಗಿತ್ತು?

ಒಂದು ಮಾತು. ಈ ನೋಟ ಮಳೆಗಾಲದಲ್ಲಿ ಸಿಗುವುದಿಲ್ಲ, ಬರೀ ಮಂಜು. ನವರಾತ್ರಿಯಲ್ಲಿ ಇಲ್ಲೂ ನೂಕುನುಗ್ಗಲು. ಅದು ಕಳೆದ ಮೇಲೆ, ನವೆಂಬರಿನ ಹೊತ್ತಿಗೆ ಹೋಗಿ. ಸ್ವೆಟರ್ ಮರೆಯಬೇಡಿ.

ಸೂರ್ಯೋದಯಕ್ಕೆ ಟ್ಯಾಕ್ಸಿ ಬೇಕೇ ಬೇಕು, ನಾಲ್ಕೂವರೆಗೆಲ್ಲ ಹೊರಡಬೇಕು. ಅದೊಂದೇ ದುಬಾರಿ ಬಾಬತ್ತು. ಸೂರ್ಯೋದಯ ಬೇಡ ಅನ್ನುವವರು ನರೇಂದ್ರನಗರದ ಮೇಲೆ ಚಂಬಾಕ್ಕೆ ಹೋಗುವ ಬಸ್ಸು ಹತ್ತಿ ಹಿಂಡೋಲಾಖಾಲ್‌ನಲ್ಲಿ ಇಳಿಯಬಹುದು. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಏರು ರಸ್ತೆ.

ಇಳಿಯುವಾಗ ಹಳ್ಳಿಗಳ ನಡುವೆ ನೀರ್‌ಗಢ ಜಲಪಾತದ ಕಡೆಗೆ ಕಾಲುದಾರಿ ಇದೆ. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು, ದನ ಮೇಯಿಸುವವರು, ಆಮೇಲೆ ನೀರಿನ ಸದ್ದು. ಜೋಗ ನೋಡಿದ ಕಣ್ಣಿಗೆ ಜಲಪಾತ ಸಣ್ಣ ಝರಿ, ಅದಕ್ಕೂ ಟಿಕೆಟ್ ಬೇರೆ. ಆದರೆ ನಡೆದು ಬೆವರಿ ಬಂದು ಕಾಲು ಇಳಿಬಿಟ್ಟರೆ ಹಿತವಾಗಿರುತ್ತದೆ. ಅಮ್ಮನನ್ನು ಟ್ಯಾಕ್ಸಿಯಲ್ಲಿ ಕಳಿಸಿ ನಾನು ಇಲ್ಲಿ ನಡೆದೆ. ಮಂಡಿ ನೋವಿದ್ದರೆ ಈ ದಾರಿ ಬೇಡ, ಪೂರ್ತಿ ಇಳಿಜಾರು.

ವಸಿಷ್ಠ ಗುಹೆ? ಬದರಿಯ ದಾರಿಯಲ್ಲಿ 25 ಕಿಲೋಮೀಟರ್. ರಸ್ತೆಯಿಂದ ಮೆಟ್ಟಿಲಿಳಿದರೆ ಆಶ್ರಮ, ಕತ್ತಲ ಗುಹೆ, ಕೆಳಗೆ ಮರಳು, ಗಂಗೆ. ಧ್ಯಾನಕ್ಕೆ ಕೂರುವವರಿಗೆ ಚಿನ್ನದಂಥ ಜಾಗ. ನನಗೆ ಕೂರುವ ಅಭ್ಯಾಸ ಇಲ್ಲ.

ನಾನು ಬೇಗ ಏಳುವವನು, ನಡೆಯುವವನು, ಸಾಲಿನಲ್ಲಿ ನಿಂತರೆ ಸಿಡಿಮಿಡಿಗೊಳ್ಳುವವನು. ಹಾಗಾಗಿ ಖರ್ಚು ಮಾಡುವುದಾದರೆ ಕುಂಜಾಪುರಿಯ ಟ್ಯಾಕ್ಸಿಗೆ ಮಾಡುತ್ತೇನೆ, ಉಳಿದದ್ದಕ್ಕೆ ಶೇರ್ ಜೀಪು, ಬಸ್ಸು ಸಾಕು. ಅಮ್ಮನನ್ನು ಕೇಳಿದರೆ ಅಷ್ಟೆಲ್ಲ ತಳ್ಳಾಟ ಆದಮೇಲೂ ನೀಲಕಂಠವೇ ಅನ್ನುತ್ತಾರೆ. ನಂಜುಂಡನ ಒಕ್ಕಲಿಗೆ ಇನ್ನೇನು ಹೇಳೋದು! ಅವರ ಹಾಗೆ ನೀಲಕಂಠ ಬೇಕೇ ಬೇಕು ಅನ್ನುವವರು ಭೀಮನ ಅಮಾವಾಸ್ಯೆ ಕಳೆದ ಮೇಲೆ ಹೋಗಿ. ಆಮೇಲೂ ನೂಲು ಹುಣ್ಣಿಮೆವರೆಗೆ ಸೋಮವಾರ ಬಿಡಿ, ಅಲ್ಲಿ ಅದು ವ್ರತದ ವಾರ. ಬುಧವಾರ, ಗುರುವಾರ ಬೆಳಿಗ್ಗೆ ಏಳಕ್ಕೆಲ್ಲ ಜೀಪ್ ಸ್ಟ್ಯಾಂಡಿನಲ್ಲಿದ್ದರೆ ಮೊದಲ ಗಾಡಿಗೇ ಜಾಗ ಸಿಗುವ ಸಂಭವ ಜಾಸ್ತಿ.